ವಂಶಾವಳಿಯಲ್ಲಿ ಅಮ್ಮನ ಪುಟ

ಹೂಸಾವೀಕ್, ಐಸ್‌ಲ್ಯಾಂಡ್
ಮೇ ೩, ೨೦೧೮

ಪ್ರೀತಿಯ ತಮ್ಮ ಓಟ್ಟರ್,

ನಿನ್ನ ಮೊಣಕಾಲು ಹೇಗಿದೆ? ಫೆರೋ ದ್ವೀಪದ ಚಳಿ ಅದಕ್ಕೆ ಒಗ್ಗಿತೇ? ಆ ಮೊಣಕಾಲಿಗಾಗಿ ನೀನು ಮೂವರು ಡಾಕ್ಟರರನ್ನು ಕಂಡೆ, ಎಕ್ಸ್‌ರೇಯನ್ನು ಬಂಧುಬಳಗಕ್ಕೆಲ್ಲ ಕಳಿಸಿದೆ. ಗಂಡಸಿನ ಮೊಣಕಾಲಲ್ಲವೇ, ಊರೆಲ್ಲ ನಿಂತು ನೋಡಬೇಕಾದದ್ದೇ. ನಾನು ಚೆನ್ನಾಗಿದ್ದೇನೆ. ಮಾರ್ಚಿನಲ್ಲಿ ಆದ ಆಪರೇಷನ್ನಿನ ಗಾಯ ಮಾಗಿದೆ, ಬೇಕರಿ ಕೆಲಸಕ್ಕೆ ಮತ್ತೆ ಹೋಗುತ್ತಿದ್ದೇನೆ. ನೀನು ಕೇಳಲಿಲ್ಲ, ಆದರೂ ಹೇಳಿದೆ. ನನ್ನ ಫೋನನ್ನು ನೀನು ಎತ್ತದೆ ಏಳು ವಾರವಾಯಿತು, ಅದಕ್ಕೇ ಈ ಕಾಗದ. ಹಳೆಯ ಕಾಗದವೆಂದರೆ ನೀನು ಜೀವ ಬಿಡುವವನು, ಇದನ್ನು ಎಸೆಯಲಾರೆ ಎಂಬ ಧೈರ್ಯ ನನಗೆ.

ನಿನ್ನ ವಂಶಾವಳಿಯ ಕರಡು ತಲುಪಿತು. ನಾನೂರು ಪುಟ. ಮುತ್ತಜ್ಜನ ತಮ್ಮ ಮುಳುಗಿದ ದೋಣಿಯ ಹೆಸರು, ಆ ದಿನ ಗಾಳಿ ಯಾವ ದಿಕ್ಕಿನದು, ಅವನ ಕಿಸೆಯಲ್ಲಿ ಸಿಕ್ಕ ನಶ್ಯದ ಡಬ್ಬಿ, ಎಲ್ಲ ಇದೆ. ಹಿಮದಲ್ಲಿ ದಾರಿ ತಪ್ಪಿ ಸತ್ತ ಇನ್ನೊಬ್ಬನಿಗೆ, ಅವನ ನಾಯಿಯೂ ಸೇರಿ, ಒಂದೂವರೆ ಪುಟ. ಅಮ್ಮನ ಪುಟದಲ್ಲಿ ಅವಳ ಸಾವಿಗೆ ಒಂದೇ ಸಾಲು: 'ಅಲ್ಪಕಾಲದ ಅಸ್ವಸ್ಥತೆಯ ನಂತರ ತೀರಿಕೊಂಡರು, ವಯಸ್ಸು ೪೭.' ಅಮ್ಮನನ್ನು ಹೆತ್ತ ಅಜ್ಜಿಗೂ ಅದೇ ಸಾಲು, ೪೪. ದೊಡ್ಡಮ್ಮನಿಗೂ ಅದೇ, ೫೦. ಆ ನಾಯಿಗೆ ಸಿಕ್ಕಷ್ಟು ಜಾಗವೂ ನಮ್ಮನ್ನು ಹೆತ್ತವಳಿಗೆ ಸಿಗಲಿಲ್ಲ.

ಅಲ್ಪಕಾಲವಂತೆ. ಹದಿನಾಲ್ಕು ತಿಂಗಳು ಕಣೋ. ನಿನಗೆ ಆಗ ಹದಿನಾರು. ಅವಳ ಹೊಟ್ಟೆ ಆರು ತಿಂಗಳ ಬಸುರಿಯ ಹಾಗೆ ಊದಿತ್ತು, ನಿಲ್ಲಲಾಗದೆ ಒಲೆಯ ಮುಂದೆ ಕುರ್ಚಿ ಹಾಕಿಕೊಂಡು ಮೀನು ಬೇಯಿಸುತ್ತಿದ್ದಳು. ನೀನು ತಟ್ಟೆ ಎತ್ತಿಕೊಂಡು ದೋಣಿಮನೆಗೆ ಹೋಗಿ ಉಣ್ಣುತ್ತಿದ್ದೆ. ಯಾರಾದರೂ ಕೇಳಿದರೆ ಅಪ್ಪ "ಹೊಟ್ಟೆ ಸರಿಯಿಲ್ಲ, ಅಷ್ಟೇ" ಅನ್ನುತ್ತಿದ್ದ. ಅಂಡಾಶಯದ ಕ್ಯಾನ್ಸರ್ ಎಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಪ್ಪನನ್ನು ನಾನು ಕ್ಷಮಿಸಿದ್ದೇನೆ, ಅದು ವಂಶದಲ್ಲಿ ಹರಿಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿದೆ.

ಡಿಸೆಂಬರಿನಲ್ಲಿ ನನ್ನ ರಕ್ತದ ವರದಿ ಬಂದಾಗಲೇ ಹೇಳಿದ್ದೆ. ಅಮ್ಮನ ಕೆಟ್ಟ ಜೀನ್ ನನ್ನಲ್ಲಿದೆ. ನಿನಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ, ನಿನ್ನಲ್ಲಿದ್ದರೆ ನಿನ್ನ ಮಗಳು ಡಾಗ್ನಿಗೂ ಅರ್ಧಕ್ಕರ್ಧ. ನೆಂಟರಿಗೆ ನೀವೇ ತಿಳಿಸಬೇಕು ಎಂದು ಆಸ್ಪತ್ರೆಯವರು ಕೊಟ್ಟ ಹಾಳೆಯನ್ನು ಕ್ರಿಸ್‌ಮಸ್ಸಿನ ದಿನ ನಿನ್ನ ಕೈಗಿಟ್ಟು, ಡಾಗ್ನಿಗೆ ಕೊಡು ಎಂದೆ. ಹೊಗೆಯಾಡಿಸಿದ ಕುರಿಮಾಂಸ ಅಗಿಯುತ್ತಲೇ ನೀನು ಹೇಳಿದ್ದು ಇಷ್ಟು: "ಅದು ಹೆಂಗಸ್ರ ಕಾಯ್ಲೆ ಕಣಕ್ಕಾ, ಗಂಡಸಿನ ಕಡೆಯಿಂದ ಹೆಂಗೆ ಬರುತ್ತೆ? ಆಗಸ್ಟಲ್ಲಿ ಅವಳ ಮದ್ವೆ ಇದೆ, ಸುಮ್ನಿರು."

ಭಲೇ. 'ಓಟ್ಟರನ ಮಗಳು' ಎಂಬುದು ಅವಳ ಹೆಸರಿನಲ್ಲೇ ಇದೆ. ಹೆಸರು ನಿನ್ನದು, ಮೂಗು ನಿನ್ನದು, ಹಾಡುವ ಗಂಟಲೂ ನಿನ್ನದೇ ಎಂದು ಕುಡಿದಾಗಲೆಲ್ಲ ಮೆರೆಯುತ್ತೀಯ. ಇದೊಂದು ಮಾತ್ರ ನಿನ್ನ ಮೀಸೆ ನೋಡಿ ಹೆದರಿ ವಾಪಸು ಹೋಯಿತೇ? ಸಾವಿರ ವರ್ಷದಿಂದ ಯಾರಿಗೆ ಯಾರು ಹುಟ್ಟಿದರೆಂದು ತಡವರಿಸದೆ ಹೇಳುವ ಪಂಡಿತನಿಗೆ ತಾನೂ ಒಬ್ಬ ತಾಯಿಗೆ ಹುಟ್ಟಿದವನೆಂಬುದು ಮರೆತುಹೋಗಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ನಿನ್ನ ಪಾಂಡಿತ್ಯ. ನಾಳೆಯೇ ಅವಳ ಹೊಟ್ಟೆಗೆ ಕತ್ತರಿ ಹಾಕುತ್ತೇವೆಂದು ಯಾರೂ ಹೇಳಿಲ್ಲ. ಗೊತ್ತಿದ್ದರೆ ಅವಳು ಮದುವೆಯಾಗಿ, ಬೇಕಿದ್ದರೆ ಮಕ್ಕಳನ್ನು ಹೆತ್ತು, ಹೊತ್ತು ನೋಡಿ ನನ್ನ ಹಾಗೆ ಅಂಡಾಶಯ ತೆಗೆಸಿಕೊಳ್ಳಬಹುದು. ಗೊತ್ತಿಲ್ಲದಿದ್ದರೆ ನಿನ್ನ ಪುಸ್ತಕದಲ್ಲಿ ಅವಳಿಗೂ ಒಂದು ಸಾಲು ಕಾದಿರಬಹುದು.

ನಿನ್ನ ಹೆಂಡತಿ ಮಾರ್ಯುನ್‌ಗೆ ನನ್ನ ನೆನಪು ಹೇಳು. ನಿನಗಿಷ್ಟವಾದ ರೈ ಹಿಟ್ಟಿನ ರೊಟ್ಟಿಯನ್ನು ಬೇರೆಯಾಗಿ ಕಳಿಸಿದ್ದೇನೆ, ಕೋಪ ನಿನ್ನ ಮೇಲಿದೆಯೇ ಹೊರತು ನಿನ್ನ ಹಸಿವಿನ ಮೇಲಲ್ಲ. ದೇವರು ನಿನ್ನ ಮೊಣಕಾಲನ್ನು ಕಾಪಾಡಲಿ, ಹಾಗೆಯೇ ನಿನ್ನ ಬೆನ್ನುಮೂಳೆಯನ್ನೂ ಹುಡುಕಿಕೊಡಲಿ.

ನಿನ್ನ ಅಕ್ಕ,
ಆಲ್ಡಿಸ್

ತಾ.ಕ.: ಇಷ್ಟು ಬರೆದು ಮುಗಿಸುವಷ್ಟರಲ್ಲಿ ಡಾಗ್ನಿಯೇ ಬಂದಳು. ಅಂಚೆಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ತಪ್ಪು ತಿದ್ದಲೆಂದು ಡಾಗ್ನಿಗೂ ಒಂದು ಕರಡು ಕಳಿಸಿದ್ದೆಯಲ್ಲ, ಅದರಲ್ಲಿ ಅಮ್ಮನ ಪುಟಕ್ಕೆ ಗುರುತಾಗಿ ನೀನು ಮಡಿಸಿಟ್ಟಿದ್ದು ಆಸ್ಪತ್ರೆಯ ಆ ಹಾಳೆಯನ್ನೇ. ಅವಳು ತಾನಿರುವ ಆಕುರೇರಿಯಿಂದ ನೇರ ನನ್ನ ಅಡುಗೆಮನೆಗೆ ಬಂದು ೪೭, ೪೪, ೫೦ ಎಂದು ಬೆರಳಿಟ್ಟು ತೋರಿಸಿದಳು. ಅಲ್ಲಿನ ಆಸ್ಪತ್ರೆಯಲ್ಲಿ ಆಗಲೇ ರಕ್ತ ಕೊಟ್ಟು ಬಂದಿದ್ದಾಳೆ. ಹದಿನಾಲ್ಕನೇ ತಾರೀಖು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅಲ್ಲೇ ಕರೆದು ಫಲಿತಾಂಶ ಹೇಳುತ್ತಾರೆ. "ಅಪ್ಪಂಗೆ ಹೇಳ್ಬೇಡಿ ಅತ್ತೆ, ಅವ್ರು ತುಂಬ ಹೆದ್ರಿಕೊಳ್ತಾರೆ" ಅಂದಳು. ನಾನು ಮಾತು ಕೊಡಲಿಲ್ಲ, ಈ ಮನೆತನದಲ್ಲಿ ಮುಚ್ಚಿಟ್ಟದ್ದು ಸಾಕಾಗಿದೆ. ಅವಳ ಪಕ್ಕದ ಕುರ್ಚಿಯನ್ನು ನಿನಗಾಗಿ ಖಾಲಿ ಇಡುತ್ತೇನೆ. ಅಲ್ಲಿಂದ ಹಡಗು ಬುಧವಾರ ಹೊರಡುತ್ತದೆ. ಈ ಸಲವಾದರೂ ತಟ್ಟೆ ಎತ್ತಿಕೊಂಡು ದೋಣಿಮನೆಗೆ ಹೋಗಬೇಡ.