ದಿನಕ್ಕೊಂದೇ ವಾಕ್ಯ

೨೦ ಜನವರಿ ೨೦೨೫, ಸೋಮವಾರ. ಬ್ಯಾಡಗಿ. ಬೆಳಿಗ್ಗೆ ೬

ಮೂರು ಅಧ್ಯಾಯ ಮುಗಿಯಿತು. ಚಾರ್ಟಿನಲ್ಲಿ ಟಿಕ್. ಏನು ಓದಿದೆ ಅಂದರೆ — ನೆನಪಿಲ್ಲ. ಚರ್ಚ್ ಸಭೆಯ ಸ್ತ್ರೀಯರ ಕೂಟದವರು ಕೊಡುವ ಚಾರ್ಟ್ ಇದು. ದಿನಕ್ಕೆ ಮೂರು ಅಧ್ಯಾಯ, ವರ್ಷಕ್ಕೆ ಇಡೀ ವೇದಪುಸ್ತಕ. ಮೊದಲು ಮುಗಿಸಿದವರಿಗೆ ಸ್ಟೀಲ್ ಡಬ್ಬಿ. ನನ್ನ ಹತ್ತಿರ ನಾಲ್ಕಿವೆ. ಒಂದರಲ್ಲಿ ಸಕ್ಕರೆ, ಮೂರರಲ್ಲಿ ಗಾಳಿ.

ಪ್ರೇಮಕ್ಕ ನೋಡುತ್ತಾ ಕೂತಿದ್ದರು. ನನ್ನ ಯಜಮಾನರ ಅಕ್ಕ. ಮೆಣಸಿನಕಾಯಿ ಸೀಸನ್ನಿಗೆ ಐರಣಿಯಿಂದ ಬಂದು ನನ್ನ ಮನೆಯಲ್ಲೇ ಇದ್ದಾರೆ. ಓದು ಬರದು. ಬರುವ ಫೆಬ್ರವರಿ ೨೩ಕ್ಕೆ ಯಜಮಾನರು ತೀರಿಕೊಂಡು ವರ್ಷ.

"ಬೆನ್ನ ಹತ್ತಿದವರಂಗ ಓದ್ತಿ, ನಿರ್ಮಲಾ. ನಂಗ ದಿನಕ್ಕ ಒಂದ ವಾಕ್ಯ ಓದು. ಒಂದ. ದಿನಾ ಪೂರ್ತಿ ಬಾಯಾಗ ಇಟಕೊಂಡ ಮೆಲ್ಲತೇನಿ."

ಯಾವುದು ಓದಲಿ ಅಂದೆ.

"ಅಕ್ಕ-ತಂಗೇರ ತಮ್ಮ ಸಾಯ್ತಾನಲ್ಲ, ಅದು."

ಸ್ವಾಮಿ ತಡವಾಗಿ ಬಂದು, ಸತ್ತ ಗೆಳೆಯನನ್ನು ಸಮಾಧಿಯಿಂದ ಎಬ್ಬಿಸುವ ಕಥೆ. ಬೇರೆ ಯಾವುದನ್ನಾದರೂ ಕೇಳಬಹುದಿತ್ತು.

೨೫ ಜನವರಿ. ಗೋದಾಮಿನಿಂದ ಬಂದು

ತೊಟ್ಟು ಮುರಿಯುವ ಕೆಲಸ. ಒಂದೊಂದೇ ಕಾಯಿ. ಪ್ರೇಮಕ್ಕ ಒಂದು ಕಾಯಿಗೆ ಒಂದು ಶಬ್ದ ಹೇಳುತ್ತಾರೆ. ವಾಕ್ಯ ಮುಗಿದರೆ ಮತ್ತೆ ಮೊದಲಿನಿಂದ. ತೂಕ ಮಾಡುವ ದಿಲಾವರ ಸುಮ್ಮನಿರುವವನಲ್ಲ.

"ಪ್ರೇಮವ್ವಾರ, ಮೆಣಸಿನಕಾಯಿಗೆ ಮಂತ್ರ ಹಾಕಾಕತ್ತೀರೇನ್ರಿ?"

"ಹೂನಪಾ. ನಿನ್ನ ತಕ್ಕಡಿ ಖರೇ ತೂಗ್ಲಿ ಅಂತ."

ಎಲ್ಲರೂ ನಕ್ಕರು. ನಾನೂ ಹಲ್ಲು ತೋರಿಸಿದೆ.

ಇವತ್ತಿನ ವಾಕ್ಯ... ಗೆಳೆಯನಿಗೆ ಹುಷಾರಿಲ್ಲ ಎಂದು ತಿಳಿದ ಮೇಲೂ ಸ್ವಾಮಿ ಎರಡು ದಿನ ಇದ್ದಲ್ಲೇ ಇದ್ದುಬಿಟ್ಟ. ಎಷ್ಟು ಸಲ ಓದಿದ್ದೇನೋ. ಆ ಎರಡು ದಿನ ಕಂಡದ್ದು ಇವತ್ತೇ. ಯಾಕಪ್ಪಾ ಎದ್ದು ಹೋಗಲಿಲ್ಲ?

ಗೋದಾಮಿನಲ್ಲಿ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು. ಅನುಕೂಲವೇ ಆಯಿತು. ಯಜಮಾನರು ಹೋದ ಮೇಲೆ ನಾನು ಅತ್ತಿಲ್ಲ. ಮಣ್ಣಿಗಿಡುವಾಗಲೂ ಇಲ್ಲ. ಇಲ್ಲಿ ಅದು ಯಾರಿಗೂ ತಿಳಿಯುವುದಿಲ್ಲ.

೩ ಫೆಬ್ರವರಿ

ಚಾರ್ಟ್ ಬಿಟ್ಟು ಹದಿನೈದು ದಿನ. ಕೂಟದ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರ ಟಿಕ್ ಬರುತ್ತಿವೆ. ನೋಡಿ ಫೋನ್ ಮಗುಚಿಟ್ಟೆ.

ಹೋದ ವರ್ಷದ ಚಾರ್ಟ್ ಟ್ರಂಕಿನಲ್ಲಿದೆ. ಫೆಬ್ರವರಿ ೨೩ರ ಚೌಕದಲ್ಲೂ ಟಿಕ್ ಇದೆ. ನಾನು ಹಾಕಿದ್ದೇ.

ಇಲ್ಲಿಯಾದರೂ ಬರೆಯಬೇಕು. ಆ ದಿನ ಬೆಳಿಗ್ಗೆ ಆರೂವರೆ. ಒಳಕೋಣೆಯಿಂದ ಯಜಮಾನರು "ನಿರ್ಮಲಾ, ಇಲ್ಲಿ ಬಾ" ಎಂದು ಕರೆದರು. "ತಡೀರಿ, ಎರಡ ಅಧ್ಯಾಯ ಉಳದಾವ" ಎಂದೆ. ಮತ್ತೆ ಕರೆಯಲಿಲ್ಲ. ಓದಿ ಮುಗಿಸಿದೆ. ಟಿಕ್ ಹಾಕಿದೆ. ಚಹಾ ಹಿಡಿದು ಒಳಗೆ ಹೋದೆ...

ನಿದ್ದೆಯಲ್ಲೇ ಹೋದರು ಎಂದು ಎಲ್ಲರಿಗೂ ಹೇಳಿದೆ. ಪ್ರೇಮಕ್ಕನಿಗೂ ಅದನ್ನೇ.

೯ ಫೆಬ್ರವರಿ, ಭಾನುವಾರ

ಇವತ್ತಿನ ವಾಕ್ಯದಲ್ಲಿ ಸತ್ತವನ ಅಕ್ಕ ಸ್ವಾಮಿಯನ್ನು ಎದುರಿಗೇ ಅನ್ನುತ್ತಾಳೆ — ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂತ. ಅದನ್ನು ಹಾರಿಸಿ ಮುಂದಿನದು ಓದಿದೆ. ಓದು ಬರದವರಿಗೆ ಏನು ಗೊತ್ತಾದೀತು.

"ಒಂದ ಬಿಟ್ಟಿ," ಎಂದರು ಪ್ರೇಮಕ್ಕ. "ಅರವತ್ತ ವರ್ಷ ಕಿವೀಲೆ ಓದೇನಿ ನಾ."

ಹಾಳೆ ಅಂಟಿಕೊಂಡಿತ್ತು ಎಂದೆ. ಸುಳ್ಳಿಗೂ ಒಂದು ಲಕ್ಷಣ ಬೇಕು. ಬಿಟ್ಟದ್ದನ್ನು ಅವರೇ ಹೇಳಿದರು, ಒಂದಕ್ಷರ ತಪ್ಪದೆ.

೧೨ ಫೆಬ್ರವರಿ

ಹೇಳಿಬಿಟ್ಟೆ. ರಾಶಿಯ ಮುಂದೆ ಕೂತಾಗ.

"ಅಕ್ಕಾ, ಅವರು ನಿದ್ದ್ಯಾಗ ಹೋಗಲಿಲ್ರಿ. ನನ್ನ ಕರದ್ರು. ಓದಾಕತ್ತೇನಿ, ತಡೀರಿ ಅಂದ್ನಿ."

ಪ್ರೇಮಕ್ಕನ ಕೈ ನಿಂತಿತು.

"ಎಷ್ಟ ಹೊತ್ತ?"

"ಎರಡ ಅಧ್ಯಾಯ."

ಸಂಜೆ ಗಂಟು ಕಟ್ಟಿದರು. ಐರಣಿಗೆ ಹೊರಟವರನ್ನು ರಾಣೆಬೆನ್ನೂರು ಬಸ್ಸಿಗೆ ಹತ್ತಿಸಿ ಬಂದೆ. ಕಿಟಕಿಯಲ್ಲಿ ಕೂತರು, ನನ್ನ ಕಡೆ ನೋಡಲಿಲ್ಲ. ಮನೆಗೆ ಬಂದು ಎರಡು ರೊಟ್ಟಿ ಉಂಡೆ. ರುಚಿ ಗೊತ್ತಾಗಲಿಲ್ಲ.

೧೮ ಫೆಬ್ರವರಿ. ರಾತ್ರಿ

ಒಬ್ಬಳೇ ಓದುತ್ತೇನೆ. ಆದರೂ ಒಂದೇ. ಕಣ್ಣು ಮುಂದಿನ ವಾಕ್ಯಕ್ಕೆ ಓಡಿದರೆ ಅಂಗೈಯಿಂದ ಮುಚ್ಚುತ್ತೇನೆ. ಹಳೆಯ ಚಾಳಿ.

ಸ್ವಾಮಿ ಇನ್ನೂ ಊರ ಹೊರಗೇ ಇದ್ದಾನೆ. ಗೋದಾಮಿನಲ್ಲಿ ದಿನವಿಡೀ ಅದನ್ನೇ ಹೇಳಿಕೊಂಡೆ, ಕಾಯಿಗೊಂದು ಶಬ್ದ. ಊರ ಹೊರಗೆ. ಅಂದರೆ ಬಂದಿದ್ದಾನೆ. ತಡವಾಗಿ ಬಂದ, ಮಾತು ಅನ್ನಿಸಿಕೊಂಡ, ಆದರೂ ತಿರುಗಿ ಹೋಗಿಲ್ಲ. ತಡ ಮಾಡಿದವರ ಸಂಕಟ ಅವನಿಗೆ ಗೊತ್ತಿರಬಹುದು.

ನಂಬಿಕೆ ಎಂದರೆ ಇದೇನೋ ಏನೋ. ನನಗೆ ಏನೂ ಅನ್ನಿಸುತ್ತಿಲ್ಲ. ನಾಳೆಯ ವಾಕ್ಯ ಬೇಕು ಅಂತ ಮಾತ್ರ ಅನ್ನಿಸಿತು.

೨೩ ಫೆಬ್ರವರಿ, ಭಾನುವಾರ. ರಾಣೆಬೆನ್ನೂರು ಬಸ್ ನಿಲ್ದಾಣ

ಯಜಮಾನರನ್ನು ಮಣ್ಣಿಗಿಟ್ಟದ್ದು ಈ ಊರಲ್ಲೇ; ಸಮಾಧಿಯ ಹತ್ತಿರ ವರ್ಷದ ಪ್ರಾರ್ಥನೆ. ಐರಣಿಯಿಂದ ಪ್ರೇಮಕ್ಕ ಬಂದಿದ್ದರು. ದೂರವೇ ನಿಂತಿದ್ದರು. ಪಾಸ್ಟರು ಪ್ರಾರ್ಥಿಸಿ ಹೋದ ಮೇಲೆ ಹತ್ತಿರ ಬಂದರು.

"ನೀ ಹೇಳಿದ ಮಾತ ಇನ್ನೂ ಗಂಟಲದಾಗ ಐತಿ. ಇಳಿವಲ್ದು. ಆದ್ರ ದಿನದ ವಾಕ್ಯ ಬಿಟ್ಟಿಲ್ಲ ನಾ. ಐರಣಿಯಾಗೂ ದಿನಕ್ಕೊಂದ ಹೇಳಿಕೊಂಡೇನಿ. ಇವತ್ತ ಸ್ವಾಮಿ ಅಳೂ ದಿನ. ಓದು."

ದಿನಕ್ಕೊಂದರಂತೆ ಅವರೂ ಅದೇ ವಾಕ್ಯಕ್ಕೆ ಬಂದು ನಿಂತಿದ್ದರು, ನಾನು ನಿಂತಲ್ಲಿಗೇ.

ಪುಸ್ತಕ ತೆರೆದೆ. ಮೂರೇ ಶಬ್ದ. ಚಾರ್ಟಿನ ದಿನಗಳಲ್ಲಿ ಇದನ್ನು ಉಸಿರು ಬಿಡುವಷ್ಟರಲ್ಲಿ ದಾಟಿ ಹೋಗಿದ್ದೇನೆ. ಮೊದಲನೆಯದು ಓದಿದೆ, ಸ್ವಾಮಿಯ ಹೆಸರು. ಎರಡನೆಯದು ಕಾಣಲಿಲ್ಲ. ಕಣ್ಣಿಗೆ ಖಾರ ತಗುಲಿತೇನೋ ಎಂದು ಕೈ ನೋಡಿಕೊಂಡೆ. ಶುಕ್ರವಾರದಿಂದ ಮೆಣಸಿನಕಾಯಿ ಮುಟ್ಟಿಲ್ಲ.

ಪ್ರೇಮಕ್ಕನಿಗೆ ಮುಂದಿನ ಶಬ್ದ ಬಾಯಿಪಾಠ. ಹೇಳಿಕೊಡಲಿಲ್ಲ. ತಮ್ಮನ ಕಲ್ಲಿನ ಪಕ್ಕ ನೆಲದ ಮೇಲೆ ಕೂತರು.

"ಓದು. ನಾ ತಡೀತೇನಿ," ಎಂದರು.

ಎಷ್ಟು ಹೊತ್ತು ಕೂತಿದ್ದರೋ. ಬಿಸಿಲು ಏರಿತ್ತು. ಬ್ಯಾಡಗಿ ಬಸ್ಸು ಬಂದು ನಿಂತಿದೆ, ಹತ್ತಬೇಕು, ಆದರೆ ಈಗಲೂ ಅಕ್ಷರ ಕಾಣ —