ಮಹಾಪ್ರಾಣಕ್ಕೆ ಸಾಲದ ಉಸಿರು

ಲಕ್ಷ್ಮೀಪುರಂ, ಮೈಸೂರು
೧೨-೮-೧೯೫೬

ಮುದ್ರಣಾಲಯದ ಯಜಮಾನರಾದ ಶ್ರೀ ಪುಟ್ಟಬಸಪ್ಪನವರಿಗೆ ಕರಡು ತಿದ್ದುವ ಚಿದಂಬರಯ್ಯನ ವಂದನೆಗಳು.

ಶ್ವಾಸಕೋಶದ ಕಾಯಿಲೆಯಿಂದ ಎಂಟು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದ ನನಗೆ ತಾವು ಹಳೆಯ ಸ್ಥಾನವನ್ನೇ ಉಳಿಸಿಕೊಟ್ಟಿರಿ. ಈ ಉಪಕಾರವನ್ನು ಮರೆಯಲಾರೆ. ಆದರೆ ನನ್ನನ್ನು ನೋಯಿಸಿದರೆಂಬ ಕಾರಣಕ್ಕೆ ಅಚ್ಚುಮೊಳೆ ಜೋಡಿಸುವ ಇನ್ನಾಸಪ್ಪನವರನ್ನು ಕೆಲಸದಿಂದ ಬಿಡಿಸಲಿದ್ದೀರೆಂದು ಕೇಳಿದೆ. ದಯವಿಟ್ಟು ಹಾಗೆ ಮಾಡಬೇಡಿ.

ನಡೆದದ್ದು ಇಷ್ಟು. ನಾನು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಅವರು ಕರಡನ್ನು ನೋಡುತ್ತಿದ್ದರು. ಉಸಿರು ಸಾಲದೆ ನನ್ನ ಮಹಾಪ್ರಾಣಗಳೆಲ್ಲ ಅಲ್ಪಪ್ರಾಣಗಳಾಗುತ್ತಿದ್ದವು. ಅವರು ಸಿಡುಕಿದರು: “ಧನ ಅಂತೀರೋ ದನ ಅಂತೀರೋ, ಒಂದೂ ತಿಳೀತಿಲ್ಲ ಕಣ್ರೀ ಅಯ್ನೋರೇ. ಇಷ್ಟು ದಿನ ನಿಮ್ ಕೆಲ್ಸಾನೂ ನಾನೇ ಎಳ್ದೆ. ಇನ್ನೂ ಎಳೀಬೇಕಾ?”

ಮಾತು ಒರಟು, ನಿಜ. ಆದರೆ ಉಳಿದವರೆಲ್ಲ ನನ್ನ ಕ್ಷೇಮ ವಿಚಾರಿಸಿ, ನನ್ನ ಮೇಜಿನ ಮೇಲಿನ ಕರಡನ್ನು ಮೆಲ್ಲಗೆ ಎತ್ತಿಕೊಂಡು ಹೋಗುತ್ತಾರೆ. ನನ್ನಿಂದ ಕೆಲಸವನ್ನು ನಿರೀಕ್ಷಿಸಿ ಕೋಪಗೊಂಡವರು ಇನ್ನಾಸಪ್ಪನವರೊಬ್ಬರೇ. ನಾನು ಗುಣವಾಗಿದ್ದೇನೆಂದು ನನಗೆ ನಂಬಿಕೆ ಬಂದದ್ದು ಅವರ ಬೈಗುಳದಿಂದ. ಅದಕ್ಕಾಗಿ ಅವರಿಗೆ ಋಣಿಯಾಗಿದ್ದೇನೆ.

ಒಂದು ವಿನಂತಿ. ನಾಳೆಯಿಂದ ಓದುವ ಕೆಲಸ ಅವರಿಗಿರಲಿ, ಕರಡು ನೋಡುವುದು ನನಗಿರಲಿ. ಅವರು ಹಕಾರವನ್ನು ನುಂಗಿ ‘ಹಾಲು’ ಎಂಬುದನ್ನು ‘ಆಲು’ ಎಂದೇ ಓದುವರು. ಅದನ್ನು ತಿದ್ದುವಷ್ಟು ಉಸಿರು ನನ್ನಲ್ಲಿದೆ.

ತಮಗೆ ಕೃತಜ್ಞನಾದ,
ಚಿದಂಬರಯ್ಯ