ನಾಲ್ಕನೇ ಪುಟಕ್ಕೆ ನಿದ್ದೆ

ಮನೆಯಿಂದ,
ಡಿಸೆಂಬರ್ ೨೮, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಮಾವನವರಿಗೆ ನಿಮ್ಮ ಸೊಸೆ ಮಾಡುವ ನಮಸ್ಕಾರಗಳು.

ಆಪರೇಷನ್ ಆದ ಎರಡನೇ ಕಣ್ಣು ಹೇಗಿದೆ? ಔಷಧಿಯ ಹನಿ ದಿನಕ್ಕೆ ನಾಲ್ಕು ಸಲ ತಪ್ಪದೆ ಬೀಳುತ್ತಿದೆಯೇ? ತಲೆ ಬಗ್ಗಿಸಿ ಏನನ್ನೂ ಎತ್ತಬಾರದು ಎಂದು ಡಾಕ್ಟರು ಹೇಳಿದ್ದು ನೆನಪಿರಲಿ. ಅತ್ತಿಗೆಯವರ ಮನೆಯ ಸಿಂಕಿನ ಕೆಳಗೆ ಏನೋ ತೊಟ್ಟಿಕ್ಕುವ ಸದ್ದು ಕೇಳಿತೆಂದು ನೀವು ಕಪ್ಪು ಕನ್ನಡಕ ಹಾಕಿಕೊಂಡೇ ಅದರೊಳಗೆ ತೂರಲು ಹೊರಟಿದ್ದಿರಂತೆ, ಸುದ್ದಿ ಬಂದಿದೆ. ಓದುವುದಕ್ಕೆ ಇನ್ನೂ ಎರಡು ವಾರ ಅನುಮತಿ ಇಲ್ಲವಾದ್ದರಿಂದ ಈ ಕಾಗದವನ್ನು ಅತ್ತಿಗೆಯವರೇ ಓದಿ ಹೇಳುತ್ತಿರುತ್ತಾರೆ. ಅತ್ತಿಗೆ, ದಯವಿಟ್ಟು ನಿಧಾನವಾಗಿ ಓದಿ. ನಡುವೆ ಒಂದೆರಡು ಕಡೆ ನಿಮ್ಮ ಸಹಾಯ ಬೇಕಾಗುತ್ತದೆ.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ದೊರೆಸಾನಿಗೆ ಏಳು ತಿಂಗಳು ತುಂಬಿತು. ಕೆಳಗೆ ಒಂದು ಹಲ್ಲು ಬಂದಿದೆ, ಮೊದಲು ಕಚ್ಚಿದ್ದು ನಿಮ್ಮ ಮಗನ ಮೂಗನ್ನು. ನನ್ನ ವಿಷಯ ನಿಮಗೆ ಗೊತ್ತೇ ಇದೆ. ಅವಳು ಅತ್ತರೆ ಯಾಕೆ ಅಳುತ್ತಾಳೆಂಬ ಚಿಂತೆ, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾಳೆಂಬ ಚಿಂತೆ. ಮಲಗಿದಳೆಂದರೆ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತೇನೆ, ಬೆರಳು ತಣ್ಣಗಿದ್ದು ಅವಳು ಎದ್ದೇಬಿಡುತ್ತಾಳೆ. ಎರಡು ಡಿಗ್ರಿ ಓದಿದ್ದೇನೆ, ಈ ಒಂದು ಪಾಠ ಎಲ್ಲೂ ಇರಲಿಲ್ಲ ನೋಡಿ.

ಈಗ ನಿಮ್ಮಿಂದ ಮುಚ್ಚಿಟ್ಟ ಒಂದು ವಿಷಯ ಹೇಳಬೇಕು. ನವೆಂಬರ್ ಕೊನೆಯಲ್ಲಿ ನಮ್ಮ ಗ್ರಂಥಾಲಯದಿಂದ ಎರಡು ಕಾಗದಗಳು ಒಟ್ಟಿಗೆ ಬಂದವು. ಒಂದು, ಪ್ರತಿ ವರ್ಷದ ಶಿಫಾರಸಿನ ಹಳದಿ ಚೀಟಿ. ಸಿಬ್ಬಂದಿಯಲ್ಲಿ ಪ್ರತಿಯೊಬ್ಬರೂ ವರ್ಷದ ಕೊನೆಗೆ ಒಂದೇ ಒಂದನ್ನು ಓದುಗರಿಗೆ ಶಿಫಾರಸು ಮಾಡಬೇಕು. ಪುಸ್ತಕವಾಗಲಿ, ಸಿನಿಮಾ ಡಿಸ್ಕ್ ಆಗಲಿ, ಭೂಪಟವಾಗಲಿ, ನಾವೇ ಪೂರ್ತಿ ಓದಿರಬೇಕು, ನೋಡಿರಬೇಕು. ನಾಲ್ಕು ಸಾಲು, ಯಾರಿಗೆ ಒಳ್ಳೆಯದು ಎಂಬುದೂ ಅದರಲ್ಲೇ ಬರಬೇಕು. ಹೆರಿಗೆ ರಜೆಯಲ್ಲಿರುವವರಿಗೂ ವಿನಾಯಿತಿ ಇಲ್ಲ. ಇನ್ನೊಂದು ಕಾಗದ, ಕಪಾಟಿನಿಂದ ತೆಗೆದು ರದ್ದಿಗೆ ಹಾಕುವ ಪುಸ್ತಕಗಳ ಪಟ್ಟಿ. ಐದು ವರ್ಷ ಯಾರೂ ಎರವಲು ಒಯ್ಯದಿದ್ದರೆ ಡಿಸೆಂಬರ್ ಮೂವತ್ತೊಂದಕ್ಕೆ ಅದರ ಆಯುಸ್ಸು ಮುಗಿಯಿತು. ಪಟ್ಟಿಯ ಎರಡನೇ ಹಾಳೆಯಲ್ಲಿ 'ಕೊಳಾಯಿ ಕೆಲಸ: ಅಳವಡಿಕೆ ಮತ್ತು ದುರಸ್ತಿ' ಎಂದಿತ್ತು. ಪಕ್ಕದಲ್ಲಿ, ಬರೆದವರು ಎಂಬಲ್ಲಿ, ನಿಮ್ಮ ಹೆಸರು.

ನಮ್ಮ ಮನೆಯ ಪ್ರತಿಯನ್ನು ಯಾರೋ ಕೇಳಿ ತೆಗೆದುಕೊಂಡು ಹೋಗಿ ಹಿಂತಿರುಗಿಸಲಿಲ್ಲ ಎಂದು ನೀವು ಎಷ್ಟು ಸಲ ಹೇಳಿಲ್ಲ! ಹಾಗಾದರೆ ಲೋಕದಲ್ಲಿ ಉಳಿದಿರುವುದು ಇದೊಂದೇ. ನೀವು ಆಪರೇಷನ್ನಿಗೆ ಹೊರಟಿದ್ದಿರಿ, ಹೇಳಲು ಬಾಯಿ ಬರಲಿಲ್ಲ. ನೀವು ಬಸ್ಸು ಹತ್ತಿದ ಮಾರನೆಯ ದಿನ ಹೋಗಿ ಅದನ್ನು ಮನೆಗೆ ತಂದೆ. ಆದರೆ ಸಿಬ್ಬಂದಿ ಒಯ್ದರೆ ಅದು ಲೆಕ್ಕಕ್ಕಿಲ್ಲ, ಹೊರಗಿನ ಓದುಗರೊಬ್ಬರ ಮೊಹರು ಬೀಳಲೇಬೇಕು. ನಿಮ್ಮ ಮಗನ ಕಾರ್ಡಿನಲ್ಲಿ ತೆಗೆಸಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಪುಸ್ತಕದ ಹಿಂದಿನ ಚೀಟಿಯನ್ನೂ ನೋಡಿದೆ. ಕೊನೆಯ ಆರು ಮೊಹರುಗಳೂ ಒಂದೇ ಕಾರ್ಡಿನವು, ವರ್ಷಕ್ಕೊಂದರಂತೆ. ನಾನು ಸೊಸೆಯಾಗಿ ಬಂದು ಆ ಕೌಂಟರಿನಲ್ಲಿ ಕುಳಿತ ಮೇಲೆ ನಿಂತುಹೋಗಿವೆ. ಕಾರ್ಡು ಯಾರದೆಂದು ಬರೆಯುವುದಿಲ್ಲ, ಅತ್ತಿಗೆ ಓದುತ್ತಿದ್ದಾರೆ. ಇಷ್ಟು ಮಾತ್ರ ಹೇಳುತ್ತೇನೆ ಮಾವ, ನನ್ನ ಮುಂದೆ ನೀವು ಸಂಕೋಚಪಡಬೇಕಾಗಿರಲಿಲ್ಲ.

ತಂದ ದಿನವೇ ಮಧ್ಯಾಹ್ನ ದೊರೆಸಾನಿ ಮನೆ ಹಾರಿಹೋಗುವಂತೆ ಅಳುತ್ತಿದ್ದಳು. ಲಾಲಿ ಆಯಿತು, ಗಿಲಕಿ ಆಯಿತು, ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಗೂ ಬಾಗಿಲಿಗೂ ನಲವತ್ತು ಸುತ್ತು ಆಯಿತು. ಕೈಗೆ ಸಿಕ್ಕಿದ್ದು ನಿಮ್ಮ ಪುಸ್ತಕ. ಗಟ್ಟಿಯಾಗಿ ಓದತೊಡಗಿದೆ. 'ಪೈಪುಗಳು ಮೂರು ವಿಧ. ಮೊದಲನೆಯ ವಿಧದ ಪೈಪುಗಳನ್ನು ಮತ್ತೆ ನಾಲ್ಕು ವಿಧಗಳಾಗಿ ವಿಂಗಡಿಸಬಹುದು.' ಎರಡನೇ ಪುಟಕ್ಕೆ ಅಳು ನಿಂತಿತು. ಮೂರನೇ ಪುಟಕ್ಕೆ ಕಣ್ಣು ತೇಲಿತು. ನಾಲ್ಕನೇ ಪುಟದಲ್ಲಿ ವಾಷರುಗಳ ಅಳತೆ ಶುರುವಾಗುವಷ್ಟರಲ್ಲಿ ಬಾಯಿ ತೆರೆದುಕೊಂಡು ನಿದ್ದೆ. ಆಕಸ್ಮಿಕ ಇರಬೇಕೆಂದುಕೊಂಡೆ. ಸಂಜೆಯೂ ಹಾಗೆಯೇ ಆಯಿತು, ಮಾರನೆಯ ದಿನವೂ. ದಿನಕ್ಕೆ ನಾಲ್ಕು ನಿದ್ದೆ, ನಿದ್ದೆಗೆ ನಾಲ್ಕು ಪುಟ, ಹದಿಮೂರು ದಿನದಲ್ಲಿ ಇನ್ನೂರ ಎಂಟು ಪುಟವೂ ಮುಗಿದವು.

ಅತ್ತಿಗೆ, ಇಲ್ಲಿ ನಿಲ್ಲಿಸಿ ಮಾವನವರ ಮುಖ ನೋಡಿ. ಮೀಸೆ ಅಲ್ಲಾಡುತ್ತಿದ್ದರೆ ಮುಂದೆ ಓದಿ. ಬಿಗಿದುಕೊಂಡಿದ್ದರೆ ಮೊದಲು ಒಂದು ಲೋಟ ಕಾಫಿ ಕೊಡಿ.

ಮಾವ, ಅವಳು ಮಲಗುತ್ತಿದ್ದಳು, ನಾನಲ್ಲ. ಅರವತ್ತೊಂದನೇ ಪುಟದಲ್ಲಿ ನೀವು ಬರೆದಿದ್ದೀರಿ: 'ಸೋರುವ ಕಡೆಗೆ ಕೂಡಲೇ ಕೈ ಹಾಕಬೇಡಿ. ಮೊದಲು ನೀರು ನಿಲ್ಲಿಸಿ. ಕೈ ಒರೆಸಿಕೊಳ್ಳಿ. ಆಮೇಲೆ ನೋಡಿ. ಅರ್ಧಕ್ಕರ್ಧ ಸಲ ಸೋರಿಕೆ ನೀವು ಅಂದುಕೊಂಡ ಜಾಗದಲ್ಲಿ ಇರುವುದಿಲ್ಲ.' ಅದನ್ನು ಮೂರು ಸಲ ಓದಿದೆ. ಮಗುವನ್ನು ಹೇಗೆ ಬೆಳೆಸಬೇಕೆಂದು ದಪ್ಪದಪ್ಪ ಪುಸ್ತಕ ಬರೆದವರು ಯಾರೂ ನನಗೆ ಕೈ ಒರೆಸಿಕೊ ಎಂದು ಹೇಳಿರಲಿಲ್ಲ. ಆ ವಾರವೇ ಅವಳ ಮೈ ಬಿಸಿಯಾದಾಗ ಓಡಾಡಿ ಕೂಗಾಡುವ ಬದಲು ಒಲೆ ಆರಿಸಿದೆ, ಕೈ ಒರೆಸಿಕೊಂಡೆ, ಆಮೇಲೆ ನೋಡಿದೆ. ಎರಡು ಸ್ವೆಟರ್ ತೊಡಿಸಿದ್ದೆ, ಅಷ್ಟೇ.

ಹೀಗಾಗಿ ಹಳದಿ ಚೀಟಿಗೆ ಬೇರೆ ಯಾವುದನ್ನೂ ಹುಡುಕಬೇಕಾಗಲಿಲ್ಲ. ಸುಳ್ಳು ಹೊಗಳಿ ಬರೆದು ನಿಮ್ಮ ಪುಸ್ತಕ ಉಳಿಸಲು ನನಗಿಷ್ಟವಿರಲಿಲ್ಲ, ಆದ್ದರಿಂದ ಇದ್ದದ್ದನ್ನೇ ಬರೆದೆ: 'ಈ ವರ್ಷ ನಾನು ಪೂರ್ತಿ ಓದಿದ್ದು ಇದೊಂದೇ. ಗಟ್ಟಿಯಾಗಿ ಓದಬೇಕು. ಏಳು ತಿಂಗಳ ಮಗು ನಾಲ್ಕನೇ ಪುಟಕ್ಕೆ ಮಲಗುತ್ತದೆ. ಎಚ್ಚರವಿರುವ ದೊಡ್ಡವರಿಗೆ ಅರವತ್ತೊಂದನೇ ಪುಟ.' ಬರೆದು, ಪುಸ್ತಕದ ಜೊತೆಗೇ ಗ್ರಂಥಾಲಯಕ್ಕೆ ಕಳಿಸಿದ ಮೇಲೆ ಚಿಂತೆ ಶುರುವಾಯಿತು. ಹನ್ನೆರಡು ವರ್ಷ ಕುಳಿತು ಬರೆದವರ ಪುಸ್ತಕವನ್ನು ನಿದ್ದೆಗುಳಿಗೆ ಮಾಡಿಬಿಟ್ಟೆನಲ್ಲ ಎಂದು.

ಹದಿನೆಂಟನೇ ತಾರೀಖು ಚೀಟಿಗಳನ್ನು ಅಂಟಿಸಿದ್ದು ನಮ್ಮ ಸೀಲಣ್ಣ, ಕೌಂಟರಿನಲ್ಲಿ ಮೊಹರು ಹಾಕುವವನು. ಅವನು 'ಏಳು ತಿಂಗಳ ಮಗು' ಎಂಬಲ್ಲಿಗೆ ಓದು ನಿಲ್ಲಿಸಿ, ಕೊಳಾಯಿ ಪುಸ್ತಕವನ್ನು ಮಕ್ಕಳ ವಿಭಾಗದಲ್ಲಿ, ಬಟ್ಟೆ ಪುಸ್ತಕಗಳ ಸಾಲಿನಲ್ಲಿ ನಿಲ್ಲಿಸಿದ. ಈ ಕಡೆ ಬಣ್ಣದ ಮೊಲ, ಆ ಕಡೆ ಬಾತುಕೋಳಿ, ನಡುವೆ ಮಣ್ಣುಬಣ್ಣದ ರಟ್ಟಿನ ಮೇಲೆ ನಿಮ್ಮ ವಾಲ್ವಿನ ಚಿತ್ರ. ನನಗೆ ತಿಳಿದು ಫೋನಿನಲ್ಲಿ ಗೋಗರೆದೆ. ಸರಿಯಾದ ಕಪಾಟಿಗೆ ಇಡುತ್ತೇನೆಂದು ಅವನು ಎದ್ದು ಹೋದರೆ ಅಲ್ಲಿ ಪುಸ್ತಕವೇ ಇಲ್ಲ. ಅವಳಿ ಮಕ್ಕಳ ಅಪ್ಪನೊಬ್ಬ ಒಯ್ದಿದ್ದ. ಮೊಹರು ಬಿತ್ತು ಮಾವ, ಡಿಸೆಂಬರ್ ೨೦, ಯಾರೋ ಹೊರಗಿನವರ ಕಾರ್ಡಿನ ಮೇಲೆ. ನಾನು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ.

ಆ ಮನುಷ್ಯ ನಾಲ್ಕನೇ ದಿನ ಹಿಂತಿರುಗಿ ಬಂದು, ಕಣ್ಣ ಕೆಳಗಿನ ಕಪ್ಪು ಸ್ವಲ್ಪ ತಿಳಿಯಾಗಿತ್ತಂತೆ, ಮೆಲ್ಲಗೆ ಕೇಳಿದನಂತೆ: "ಇದರದ್ದು ಎರಡನೇ ಭಾಗ ಇದೆಯಾ?" ಅಲ್ಲಿಂದ ಬಾಯಿಂದ ಬಾಯಿಗೆ ಹರಡಿ, ನಿನ್ನೆ ನಾನು ದೊರೆಸಾನಿಯನ್ನು ಎತ್ತಿಕೊಂಡು ಹೋದಾಗ ಕಾಯುವವರ ಪಟ್ಟಿಯಲ್ಲಿ ಹತ್ತೊಂಬತ್ತು ಜನ. ಆ ಹೊತ್ತಿಗೆ ನರೆಗೂದಲಿನ ಪ್ಲಂಬರ್ ಒಬ್ಬರು ಚೀಟಿಯ ಮುಂದೆ ನಿಂತಿದ್ದರು. ನಿಮ್ಮ ಹೆಸರಿನ ಮೇಲೆ ಬೆರಳಿಟ್ಟು ಸೀಲಣ್ಣನಿಗೆ ಹೇಳುತ್ತಿದ್ದರು: "ಈ ಮೇಷ್ಟ್ರು ನಮಗೆ ಪಾಠ ಮಾಡಿದವರು. ಕ್ಲಾಸಲ್ಲೂ ಹಿಂಗೇ, ನಿದ್ದೆ ಎಳೆಯೋದು. ಆದ್ರೆ ಮೂವತ್ತು ವರ್ಷ ಆಯ್ತು, ನಾನು ಹಾಕಿದ ಒಂದು ಜಾಯಿಂಟೂ ಸೋರಿಲ್ಲ." ಅವರದು ಪಟ್ಟಿಯಲ್ಲಿ ಇಪ್ಪತ್ತನೇ ಹೆಸರು. ಮೊಮ್ಮಗನಿಗಾ ಎಂದು ಕೇಳಿದೆ. "ಇಲ್ಲಮ್ಮ, ನಂಗೇ. ಅರ್ಧ ಪಾಠ ಮಿಸ್ಸಾಗಿದೆ," ಎಂದರು.

ಕೋಪವಿದ್ದರೆ ಬೈದು ಬರೆಸಿ. ಸುಮ್ಮನೆ ಮಾತ್ರ ಇರಬೇಡಿ, ನಾನು ಚಿಂತೆ ಮಾಡುವವಳು. ಅತ್ತಿಗೆಗೂ ಭಾವನವರಿಗೂ ನಮಸ್ಕಾರಗಳು. ದೊರೆಸಾನಿ ನಿಮ್ಮ ಕಪ್ಪು ಕನ್ನಡಕಕ್ಕೆ ಒಂದು ಮುತ್ತು ಕಳಿಸಿದ್ದಾಳೆ. ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ.

ನಿಮ್ಮ ಮಗಳಂಥ
ಸೊಸೆ

ತಾ.ಕ.: ಅವಳು ಮಿಸುಕುತ್ತಿದ್ದಾಳೆ, ಬೇಗ ಹೇಳಿಬಿಡುತ್ತೇನೆ. ಇರುವುದು ಒಂದೇ ಪ್ರತಿ, ಕಾಯುವವರು ಇಪ್ಪತ್ತು ಮಂದಿ. ಆದ್ದರಿಂದ ನಮ್ಮ ಮುಖ್ಯಸ್ಥೆ ಮೇಡಂ ಅದನ್ನು ಧ್ವನಿಪುಸ್ತಕ ಮಾಡಿಸುತ್ತಾರಂತೆ, ಗ್ರಂಥಾಲಯದ ರೆಕಾರ್ಡಿಂಗ್ ಕೋಣೆಯಲ್ಲಿ, ನಿಮ್ಮ ಧ್ವನಿಯಲ್ಲೇ. ಮಾವನವರ ಕಣ್ಣು ಇನ್ನೂ ಓದುವ ಹಾಗಿಲ್ಲ ಎಂದೆ. "ಬರೆದೋರಿಗೆ ಓದೋಕೆ ಕಣ್ಣು ಯಾಕಮ್ಮ?" ಎಂದರು. ಬುಧವಾರದೊಳಗೆ ಒಪ್ಪಿಗೆ ಬರೆಸಿ ಕಳಿಸಿ. ಒಂದೇ ಪ್ರಾರ್ಥನೆ ಮಾವ: ಮೈಕು ಕಂಡ ಖುಷಿಗೆ ನಡುನಡುವೆ ಕಥೆ ಗಿಥೆ ಸೇರಿಸಿ ಸ್ವಾರಸ್ಯವಾಗಿ ಓದಿಬಿಡಬೇಡಿ. ಇಪ್ಪತ್ತು ಮನೆಯವರು ಎದ್ದು ಕೂರುತ್ತಾರೆ.